ಗರ್ಭಾವಸ್ಥೆಯಲ್ಲಿ ಯಕೃತ್ತಿನ ಕಾಯಿಲೆಗಳು ಮತ್ತು ದೇಹದ ರೋಗನಿರೋಧಕ ವ್ಯವಸ್ಥೆ

ಪೀಠಿಕೆ

ಗರ್ಭಿಣಿಯರಲ್ಲಿ ಕಾಣಿಸಿಕೊಳ್ಳುವ ಕಾಮಾಲೆಯನ್ನು ಸಾಮಾನ್ಯ ಕಾಮಾಲೆಯೆಂದು ಪರಿಗಣಿಸತಕ್ಕದ್ದಲ್ಲ. ಇತರರಲ್ಲಿ ಕೆಲವು ವಾರಗಳ ವಿಶ್ರಾಂತಿಯಿಂದ ಗುಣವಾಗುವ ಸೋಂಕು ಗರ್ಭಿಣಿಯಲ್ಲಿ ಕೆಲವೇ ದಿನಗಳಲ್ಲಿ ಪ್ರಾಣಾಪಾಯವನ್ನು ಉಂಟುಮಾಡಬಹುದು. ಮತ್ತೊಂದೆಡೆ, ತಾಯಿಗೆ ಯಾವುದೇ ತೊಂದರೆ ಕೊಡದೆ ರಕ್ತದಲ್ಲಿ ಅಡಗಿರುವ ಸೋಂಕು ಹೆರಿಗೆಯ ಸಮಯದಲ್ಲಿ ಶಿಶುವಿಗೆ ತಗುಲಿ, ಜೀವನಪರ್ಯಂತ ಉಳಿಯಬಹುದು. ಈ ಎರಡು ಅಪಾಯಗಳನ್ನೂ ಸಕಾಲಿಕ ತಪಾಸಣೆ, ಶುದ್ಧ ಕುಡಿಯುವ ನೀರು ಮತ್ತು ಲಸಿಕೆಯ ಮೂಲಕ ಬಹುಮಟ್ಟಿಗೆ ತಪ್ಪಿಸಬಹುದಾಗಿದೆ. ಗರ್ಭಿಣಿಯರು ಹಾಗೂ ಅವರ ಕುಟುಂಬದವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ.

1. ಯಕೃತ್ತು ಮತ್ತು ಗರ್ಭಾವಸ್ಥೆಯಲ್ಲಿ ಆಗುವ ಬದಲಾವಣೆಗಳು

ಯಕೃತ್ತು ಅಥವಾ ಪಿತ್ತಜನಕಾಂಗವು ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಕೆಳಗೆ ಇರುವ ಅಂಗ. ಪಿತ್ತರಸವನ್ನು ತಯಾರಿಸುವುದು, ರಕ್ತ ಹೆಪ್ಪುಗಟ್ಟಲು ಅಗತ್ಯವಾದ ಪ್ರೋಟೀನುಗಳನ್ನು ಒದಗಿಸುವುದು, ರಕ್ತದ ಸಕ್ಕರೆಯ ಪ್ರಮಾಣವನ್ನು ಕಾಪಾಡುವುದು ಮತ್ತು ವಿಷವಸ್ತುಗಳನ್ನು ನಿರುಪದ್ರವಗೊಳಿಸುವುದು ಇದರ ಪ್ರಮುಖ ಕಾರ್ಯಗಳು. ಹಳೆಯ ಕೆಂಪು ರಕ್ತಕಣಗಳು ನಾಶವಾದಾಗ ಉಂಟಾಗುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಯಕೃತ್ತು ಪಿತ್ತರಸದ ಮೂಲಕ ಹೊರಹಾಕುತ್ತದೆ. ಈ ಕಾರ್ಯಕ್ಕೆ ಅಡ್ಡಿಯಾದಾಗ ಬಿಲಿರುಬಿನ್ ರಕ್ತದಲ್ಲಿ ಸಂಗ್ರಹವಾಗಿ ಕಣ್ಣು, ಚರ್ಮ ಮತ್ತು ಮೂತ್ರ ಹಳದಿಯಾಗುತ್ತವೆ. ಇದನ್ನೇ ಕಾಮಾಲೆ, ಕಾಮಣಿ ಅಥವಾ ಅರಿಶಿನ ಕಾಮಾಲೆ ಎಂದು ಕರೆಯಲಾಗುತ್ತದೆ. ಕಾಮಾಲೆಯು ಸ್ವತಃ ಒಂದು ರೋಗವಲ್ಲ. ಅದು ಬೇರೊಂದು ರೋಗದ ಲಕ್ಷಣ.

ಗರ್ಭಾವಸ್ಥೆಯಲ್ಲಿ ರಕ್ತದ ಪ್ರಮಾಣ ಹೆಚ್ಚುವುದರಿಂದ ಆಲ್ಬುಮಿನ್ ಪ್ರೋಟೀನಿನ ಮಟ್ಟ ಕಡಿಮೆಯಾಗಿ ಕಾಣುತ್ತದೆ. ಮಾಸಿನಿಂದಲೂ (ಜರಾಯು) ಉತ್ಪತ್ತಿಯಾಗುವ ಕಾರಣ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಮಟ್ಟ ಹೆಚ್ಚುತ್ತದೆ. ಇವೆರಡೂ ಸಹಜ ಬದಲಾವಣೆಗಳು. ಆದರೆ ಬಿಲಿರುಬಿನ್ ಹಾಗೂ ಎ.ಎಲ್.ಟಿ., ಎ.ಎಸ್.ಟಿ. ಎಂಬ ಕಿಣ್ವಗಳ ಮಟ್ಟ ಸಹಜ ಗರ್ಭಾವಸ್ಥೆಯಲ್ಲಿ ಹೆಚ್ಚುವುದಿಲ್ಲ. ಇವು ಹೆಚ್ಚಿದ್ದಲ್ಲಿ "ಬಸುರಿಗೆ ಇದೆಲ್ಲ ಇದ್ದದ್ದೇ" ಎಂದು ಭಾವಿಸದೆ ಕಾರಣವನ್ನು ಪತ್ತೆ ಮಾಡಿಸಬೇಕು.

2. ಗರ್ಭಾವಸ್ಥೆಯಲ್ಲಿ ರೋಗನಿರೋಧಕ ವ್ಯವಸ್ಥೆ

ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದಲ್ಲದ ವಸ್ತುವನ್ನು ಗುರುತಿಸಿ ಹೊರದೂಡುತ್ತದೆ. ಗರ್ಭದಲ್ಲಿರುವ ಶಿಶುವಿನ ವಂಶವಾಹಿಗಳಲ್ಲಿ ಅರ್ಧಭಾಗ ತಂದೆಯಿಂದ ಬಂದಿರುವುದರಿಂದ, ತಾಯಿಯ ದೇಹಕ್ಕೆ ಶಿಶುವು ಭಾಗಶಃ ಪರಕೀಯವೇ. ಆದರೂ ತಾಯಿಯ ದೇಹವು ಶಿಶುವನ್ನು ಏಕೆ ತಿರಸ್ಕರಿಸುವುದಿಲ್ಲ ಎಂಬ ಪ್ರಶ್ನೆಯನ್ನು ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡಾವರ್ 1953ರಲ್ಲಿ ಎತ್ತಿದರು.

ಗರ್ಭಾವಸ್ಥೆಯಲ್ಲಿ ರೋಗನಿರೋಧಕ ಶಕ್ತಿ ಪೂರ್ತಿಯಾಗಿ ಕುಗ್ಗುತ್ತದೆ ಎಂಬ ಹಳೆಯ ಅಭಿಪ್ರಾಯ ಸರಿಯಲ್ಲ. ಶಕ್ತಿ ಕುಗ್ಗುವುದಕ್ಕಿಂತ ಅದರ ಸಮತೋಲನ ಬದಲಾಗುತ್ತದೆ ಎನ್ನುವುದು ಹೆಚ್ಚು ಸೂಕ್ತ. ಅತಿಯಾದ ಪ್ರತಿಕ್ರಿಯೆಯನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ-ಕಣಗಳು ಹೆಚ್ಚುತ್ತವೆ. ಮಾಸಿನ ಹೊರಕಣಗಳು ತಾಯಿಯ ರಕ್ಷಣಾ ಕಣಗಳಿಗೆ ಸುಲಭವಾಗಿ ಗುರಿಯಾಗದಂತೆ ರಚನೆಗೊಂಡಿರುತ್ತವೆ. ಈ ಬದಲಾವಣೆಯಿಂದ ಮೂರು ಪರಿಣಾಮಗಳು ಉಂಟಾಗುತ್ತವೆ.

(ಅ) ಜೀವಕೋಶದೊಳಗೆ ಸೇರಿಕೊಳ್ಳುವ ಕೆಲವು ವೈರಾಣುಗಳ ಸೋಂಕು ಗರ್ಭಿಣಿಯರಲ್ಲಿ ತೀವ್ರವಾಗಬಹುದು. ಹೆಪಟೈಟಿಸ್-ಇ ಇದಕ್ಕೆ ಉದಾಹರಣೆ.
(ಆ) ದೇಹವು ತನ್ನದೇ ಯಕೃತ್ತಿನ ಮೇಲೆ ದಾಳಿ ಮಾಡುವ ಕಾಯಿಲೆಗಳು ಗರ್ಭಾವಸ್ಥೆಯಲ್ಲಿ ಹಲವರಲ್ಲಿ ಶಮನಗೊಂಡಂತೆ ಕಾಣಬಹುದು.
(ಇ) ಹೆರಿಗೆಯ ನಂತರ ರೋಗನಿರೋಧಕ ವ್ಯವಸ್ಥೆ ಹಿಂದಿನ ಸ್ಥಿತಿಗೆ ಮರಳುವಾಗ, ಅಡಗಿದ್ದ ಯಕೃತ್ತಿನ ಉರಿಯೂತ ಮತ್ತೆ ಉಲ್ಬಣಿಸಬಹುದು. ಆದ್ದರಿಂದ ಹೆರಿಗೆಯಾದೊಡನೆ ಅಪಾಯ ಕಳೆಯಿತೆಂದು ತಪಾಸಣೆಯನ್ನು ನಿಲ್ಲಿಸಬಾರದು.

ತಾಯಿಯ ರಕ್ತದಲ್ಲಿರುವ ಐ.ಜಿ.ಜಿ. ಎಂಬ ಪ್ರತಿಕಾಯಗಳು ಮುಖ್ಯವಾಗಿ ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಮಾಸಿನ ಮೂಲಕ ಶಿಶುವಿಗೆ ಸಾಗಿ, ಜನನಾನಂತರದ ಮೊದಲ ತಿಂಗಳುಗಳಲ್ಲಿ ರಕ್ಷಣೆ ನೀಡುತ್ತವೆ. ಆದರೆ ಹೆಪಟೈಟಿಸ್-ಬಿ ದೀರ್ಘಕಾಲ ಇರುವ ತಾಯಿಯ ರಕ್ತದಲ್ಲಿ ಆ ವೈರಾಣುವಿನ ವಿರುದ್ಧ ರಕ್ಷಿಸುವ ಪ್ರತಿಕಾಯ ಸಾಮಾನ್ಯವಾಗಿ ಇರುವುದಿಲ್ಲ. ಆ ರಕ್ಷಣೆಯನ್ನು ಶಿಶುವಿಗೆ ಲಸಿಕೆಯ ಮೂಲಕವೇ ಒದಗಿಸಬೇಕಾಗುತ್ತದೆ.

3. ಹೆಪಟೈಟಿಸ್-ಇ: ನೀರಿನಿಂದ ಹರಡುವ ಕಾಮಾಲೆ

ಮಲದಿಂದ ಕಲುಷಿತಗೊಂಡ ನೀರಿನ ಮೂಲಕ ಹರಡುವ ಈ ಸೋಂಕು ಭಾರತದಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಕುಡಿಯುವ ನೀರಿನ ಕೊಳವೆಯು ಒಡೆದು ಚರಂಡಿಯ ನೀರು ಸೇರುವುದು, ಪ್ರವಾಹದ ನೀರು ಬಾವಿಗಳಿಗೆ ನುಗ್ಗುವುದು ಇದರ ಸಾಮಾನ್ಯ ಕಾರಣಗಳು.

1955ರ ಡಿಸೆಂಬರ್ ಮತ್ತು 1956ರ ಜನವರಿ ತಿಂಗಳುಗಳಲ್ಲಿ ದೆಹಲಿಯಲ್ಲಿ ಕಾಮಾಲೆಯ ಭಾರೀ ಪಿಡುಗು ಉಂಟಾಯಿತು. ಯಮುನಾ ನದಿಯಿಂದ ನಗರಕ್ಕೆ ನೀರೆತ್ತುವ ಸ್ಥಳಕ್ಕೆ ಚರಂಡಿಯ ನೀರು ಸೇರಿದ್ದರಿಂದ ಸುಮಾರು 29,000 ಜನರಿಗೆ ಕಾಮಾಲೆ ತಗುಲಿತು. ಗರ್ಭಿಣಿಯರಲ್ಲಿ ರೋಗವು ಇತರರಿಗಿಂತ ತೀವ್ರವಾಗಿದ್ದುದು ಆಗಲೇ ಗಮನಕ್ಕೆ ಬಂದಿತ್ತು. ಅಂದು ಸಂಗ್ರಹಿಸಿಟ್ಟಿದ್ದ ರಕ್ತದ ಮಾದರಿಗಳನ್ನು ದಶಕಗಳ ನಂತರ ಪರೀಕ್ಷಿಸಿದಾಗ, ಅದು ಇಂದು ಹೆಪಟೈಟಿಸ್-ಇ ಎಂದು ಕರೆಯಲಾಗುವ ಸೋಂಕೆಂದು ತಿಳಿದುಬಂದಿತು. 1978ರಲ್ಲಿ ಕಾಶ್ಮೀರ ಕಣಿವೆಯಲ್ಲಿ ಉಂಟಾದ ಪಿಡುಗಿನಲ್ಲಿಯೂ ಗರ್ಭಿಣಿಯರ ಸಾವು ವೈದ್ಯರ ಗಮನ ಸೆಳೆಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್-ಇ ತಗುಲಿದವರಲ್ಲಿ ಮರಣ ಪ್ರಮಾಣವು ಶೇ. 20ರಿಂದ 25ರವರೆಗೂ ತಲುಪಬಹುದು. ಯಕೃತ್ತಿನ ಹಠಾತ್ ವೈಫಲ್ಯ, ಅತಿ ರಕ್ತಸ್ರಾವ, ಗರ್ಭಪಾತ, ಅವಧಿಪೂರ್ವ ಹೆರಿಗೆ ಹಾಗೂ ಶಿಶು ಮರಣ ಸಂಭವಿಸಬಹುದು. ರೋಗನಿರೋಧಕ ವ್ಯವಸ್ಥೆಯಲ್ಲಿನ ಬದಲಾವಣೆ, ಹಾರ್ಮೋನುಗಳ ಏರಿಕೆ ಮತ್ತು ಅಪೌಷ್ಟಿಕತೆ ಈ ತೀವ್ರತೆಗೆ ಕಾರಣಗಳಿರಬಹುದೆಂದು ಅಭಿಪ್ರಾಯಪಡಲಾಗಿದೆ.

ಸೋಂಕು ತಗುಲಿದ 2ರಿಂದ 10 ವಾರಗಳೊಳಗೆ ಜ್ವರ, ಹಸಿವಿಲ್ಲದಿರುವಿಕೆ, ವಾಕರಿಕೆ, ವಾಂತಿ, ಬಲಪಕ್ಕೆಯ ನೋವು, ಗಾಢ ಬಣ್ಣದ ಮೂತ್ರ ಮತ್ತು ಕಾಮಾಲೆ ಕಾಣಿಸಿಕೊಳ್ಳುತ್ತವೆ. ಗರ್ಭಿಣಿಯರಿಗೆ ನೀಡಬಹುದಾದ ನಿರ್ದಿಷ್ಟ ವೈರಾಣುನಾಶಕ ಔಷಧವಿಲ್ಲ. ರೈಬವಿರಿನ್ ಎಂಬ ಔಷಧವು ಗರ್ಭಸ್ಥ ಶಿಶುವಿಗೆ ಹಾನಿಕರ. ಚೀನಾದಲ್ಲಿ 2011ರಲ್ಲಿ ಈ ಸೋಂಕಿನ ಲಸಿಕೆಗೆ ಅನುಮತಿ ದೊರೆತಿದೆಯಾದರೂ, ಅದು ಭಾರತದ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಲ್ಲ. ಆದುದರಿಂದ ಮುನ್ನೆಚ್ಚರಿಕೆಯೇ ಮುಖ್ಯ.

- ಗರ್ಭಿಣಿಯರು ಕುದಿಸಿ ಆರಿಸಿದ ನೀರನ್ನೇ ಕುಡಿಯಬೇಕು. ನೀರು ಕೊತಕೊತ ಕುದಿಯಬೇಕು, ಬೆಚ್ಚಗಾದರೆ ಸಾಲದು.
- ಕುದಿಸಿದ ನೀರನ್ನು ಮುಚ್ಚಿಟ್ಟು, ಹಿಡಿಕೆಯುಳ್ಳ ಸೌಟಿನಿಂದ ತೆಗೆದುಕೊಳ್ಳಬೇಕು. ಕೈ ಅದ್ದಬಾರದು.
- ಜಾತ್ರೆ, ಮದುವೆ ಮುಂತಾದೆಡೆಗಳಲ್ಲಿ ಪಾನಕ, ಮಜ್ಜಿಗೆ, ಐಸ್, ಕತ್ತರಿಸಿಟ್ಟ ಹಣ್ಣು ಹಾಗೂ ಹಸಿ ಚಟ್ನಿಗಳನ್ನು ಸೇವಿಸಬಾರದು.
- ಶೌಚದ ನಂತರ ಮತ್ತು ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಬೇಕು.
- ನಲ್ಲಿ ನೀರಿನ ಬಣ್ಣ ಅಥವಾ ವಾಸನೆ ಬದಲಾದಲ್ಲಿ, ಇಲ್ಲವೇ ಒಂದೇ ಬೀದಿಯಲ್ಲಿ ಹಲವರಿಗೆ ಕಾಮಾಲೆ ಬಂದಲ್ಲಿ, ಕೂಡಲೇ ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಹೆಪಟೈಟಿಸ್-ಎ ಸಹ ಇದೇ ರೀತಿ ಹರಡುತ್ತದೆ. ಅದು ಗರ್ಭಿಣಿಯರಲ್ಲಿ ಅಷ್ಟು ತೀವ್ರವಾಗುವುದು ಅಪರೂಪ. ಆದರೆ ರಕ್ತ ಪರೀಕ್ಷೆಯಿಲ್ಲದೆ, ಲಕ್ಷಣಗಳಿಂದ ಮಾತ್ರವೇ ಇವೆರಡನ್ನೂ ಬೇರ್ಪಡಿಸಲಾಗದು.

4. ಹೆಪಟೈಟಿಸ್-ಬಿ: ತಾಯಿಯಿಂದ ಮಗುವಿಗೆ

ಈ ಸೋಂಕು ರಕ್ತ, ಲೈಂಗಿಕ ಸಂಪರ್ಕ, ಶುದ್ಧೀಕರಿಸದ ಸೂಜಿ ಮತ್ತು ಹೆರಿಗೆಯ ಮೂಲಕ ಹರಡುತ್ತದೆ. ಒಟ್ಟಿಗೆ ಊಟ ಮಾಡುವುದರಿಂದ, ಅಪ್ಪಿಕೊಳ್ಳುವುದರಿಂದ ಅಥವಾ ಒಂದೇ ಮನೆಯಲ್ಲಿ ಇರುವುದರಿಂದ ಹರಡುವುದಿಲ್ಲ.

ಸೋಂಕಿನ ಪರಿಣಾಮವು ಅದು ತಗುಲಿದ ವಯಸ್ಸನ್ನು ಅವಲಂಬಿಸಿದೆ. ವಯಸ್ಕರಿಗೆ ತಗುಲಿದಾಗ ರೋಗನಿರೋಧಕ ವ್ಯವಸ್ಥೆಯು ವೈರಾಣುವನ್ನು ಗುರುತಿಸಿ ನಿವಾರಿಸುವುದರಿಂದ, ಶೇ. 5ಕ್ಕಿಂತ ಕಡಿಮೆ ಜನರಲ್ಲಿ ಮಾತ್ರ ಸೋಂಕು ದೀರ್ಘಕಾಲ ಉಳಿಯುತ್ತದೆ. ನವಜಾತ ಶಿಶುವಿನ ರೋಗನಿರೋಧಕ ವ್ಯವಸ್ಥೆ ಇನ್ನೂ ಪಕ್ವವಾಗಿರುವುದಿಲ್ಲ. ಹೆರಿಗೆಯ ವೇಳೆ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು ಶೇ. 90ರಷ್ಟು ಮಕ್ಕಳಲ್ಲಿ ಅದು ಶಾಶ್ವತವಾಗಿ ನೆಲೆಸುತ್ತದೆ. ಇಂತಹ ಮಕ್ಕಳು ಮುಂದೆ ದೊಡ್ಡವರಾದಾಗ ಯಕೃತ್ತಿನ ಸಿರೋಸಿಸ್ ಅಥವಾ ಕ್ಯಾನ್ಸರ್‌ಗೆ ಗುರಿಯಾಗುವ ಸಂಭವವಿರುತ್ತದೆ.

ತಾಯಿಗೆ ಮಾಡಬೇಕಾದುದು: ಗರ್ಭಿಣಿಯೆಂದು ತಿಳಿದ ಕೂಡಲೇ, ಮೊದಲ ಭೇಟಿಯಲ್ಲಿಯೇ, ಎಚ್.ಬಿ.ಎಸ್.ಎಜಿ. ಎಂಬ ರಕ್ತ ಪರೀಕ್ಷೆ ಮಾಡಿಸಬೇಕು. ಸೋಂಕಿರುವುದು ಖಚಿತವಾದಲ್ಲಿ ವೈರಾಣುವಿನ ಪ್ರಮಾಣವನ್ನು ಅಳೆಯಲಾಗುತ್ತದೆ. ಪ್ರಮಾಣವು ಒಂದು ಮಿಲಿಲೀಟರಿಗೆ 2,00,000 ಅಂತರರಾಷ್ಟ್ರೀಯ ಮಾನಗಳು ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ, ಶಿಶುವಿಗೆ ಸೋಂಕು ದಾಟದಂತೆ ಟೆನೊಫೊವಿರ್ ಮಾತ್ರೆಯನ್ನು ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ, ಸಾಮಾನ್ಯವಾಗಿ 28ನೇ ವಾರದಿಂದ, ವೈದ್ಯರು ಸೂಚಿಸುತ್ತಾರೆ. ಈ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಿದಲ್ಲಿ ಯಕೃತ್ತಿನ ಉರಿಯೂತ ಉಲ್ಬಣಿಸಬಹುದು.

ಶಿಶುವಿಗೆ ಮಾಡಬೇಕಾದುದು: ಹುಟ್ಟಿದ 24 ಗಂಟೆಗಳೊಳಗೆ ಹೆಪಟೈಟಿಸ್-ಬಿ ಲಸಿಕೆಯ ಜನನ ಡೋಸ್ ಕೊಡಿಸಬೇಕು. ತಾಯಿಗೆ ಸೋಂಕಿದ್ದಲ್ಲಿ ಇದರೊಂದಿಗೆ, ಸಿದ್ಧ ಪ್ರತಿಕಾಯಗಳನ್ನು ಹೊಂದಿರುವ ಹೆಪಟೈಟಿಸ್-ಬಿ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದನ್ನು ಸಾಧ್ಯವಾದಷ್ಟು ಬೇಗ, 12 ಗಂಟೆಗಳೊಳಗೆ ಕೊಡಿಸುವುದು ಉತ್ತಮ. ಚುಚ್ಚುಮದ್ದು ತಕ್ಷಣದ ರಕ್ಷಣೆ ನೀಡುತ್ತದೆ. ಲಸಿಕೆಯು ಶಿಶುವಿನ ದೇಹವೇ ಪ್ರತಿಕಾಯಗಳನ್ನು ತಯಾರಿಸುವಂತೆ ಮಾಡುತ್ತದೆ. ಅನಂತರ 6, 10 ಮತ್ತು 14 ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯ ಮೂಲಕ ಉಳಿದ ಡೋಸ್‌ಗಳನ್ನು ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ. ಸೋಂಕಿತ ತಾಯಿಯ ಮಗುವಿಗೆ 9ರಿಂದ 12 ತಿಂಗಳ ವಯಸ್ಸಿನಲ್ಲಿ ರಕ್ತ ಪರೀಕ್ಷೆ ಮಾಡಿಸಿ ರಕ್ಷಣೆ ದೊರೆತಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಮನೆಯಲ್ಲಿ ಅಥವಾ ದಾರಿಯಲ್ಲಿ ಹೆರಿಗೆಯಾದ ಸಂದರ್ಭದಲ್ಲಿ ಜನನ ಡೋಸ್ ತಪ್ಪಿಹೋಗುವ ಸಂಭವ ಹೆಚ್ಚು. ಅಂತಹ ಶಿಶುವನ್ನು ನಾಮಕರಣ, ಸೂತಕ ಮುಂತಾದ ಕಾರಣಗಳಿಗೆ ಕಾಯದೆ ಅದೇ ದಿನ ಸಮೀಪದ ಆಸ್ಪತ್ರೆಗೆ ಕರೆದೊಯ್ಯಬೇಕು.

ಹೆಪಟೈಟಿಸ್-ಸಿ ಸೋಂಕಿಗೆ ಲಸಿಕೆಯಿಲ್ಲ. ಆದರೆ ಪರಿಣಾಮಕಾರಿ ಮಾತ್ರೆಗಳಿದ್ದು, ಸಾಮಾನ್ಯವಾಗಿ ಹೆರಿಗೆಯ ನಂತರ ಚಿಕಿತ್ಸೆ ನೀಡಲಾಗುತ್ತದೆ.

5. ಸ್ವಯಂನಿರೋಧಕ ಯಕೃತ್ತಿನ ಉರಿಯೂತ

ರೋಗನಿರೋಧಕ ವ್ಯವಸ್ಥೆಯು ತನ್ನದೇ ಯಕೃತ್ತಿನ ಜೀವಕೋಶಗಳನ್ನು ಶತ್ರುವೆಂದು ಭಾವಿಸಿ ದಾಳಿ ಮಾಡುವುದರಿಂದ ಈ ಕಾಯಿಲೆ ಬರುತ್ತದೆ. ಇದು ಪುರುಷರಿಗಿಂತ ಮಹಿಳೆಯರಲ್ಲಿ ಹೆಚ್ಚು. ಇದು ಸಾಂಕ್ರಾಮಿಕವಲ್ಲ. ಗರ್ಭಾವಸ್ಥೆಯಲ್ಲಿ ಕಾಯಿಲೆಯು ಹತೋಟಿಯಲ್ಲಿರುವಂತೆ ಕಂಡರೂ, ಹೆರಿಗೆಯ ನಂತರದ ಮೊದಲ ಆರು ತಿಂಗಳಲ್ಲಿ ಮರುಕಳಿಸುವ ಸಂಭವ ಹೆಚ್ಚಾಗಿರುತ್ತದೆ.

ಮಗುವಿಗೆ ತೊಂದರೆಯಾಗಬಹುದೆಂಬ ಭಯದಿಂದ ಕೆಲವರು ಗರ್ಭಿಣಿಯೆಂದು ತಿಳಿದೊಡನೆ ಮಾತ್ರೆಗಳನ್ನು ನಿಲ್ಲಿಸುತ್ತಾರೆ. ಇದು ಅಪಾಯಕರ. ಪ್ರೆಡ್ನಿಸೊಲೋನ್ ಮತ್ತು ಅಜಾಥಯೋಪ್ರಿನ್ ಔಷಧಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಸಾಮಾನ್ಯವಾಗಿ ಮುಂದುವರಿಸಲಾಗುತ್ತದೆ. ಆದರೆ ಮೈಕೊಫಿನೊಲೇಟ್ ಎಂಬ ಔಷಧವು ಶಿಶುವಿನಲ್ಲಿ ಅಂಗವೈಕಲ್ಯ ಉಂಟುಮಾಡುವುದರಿಂದ, ಗರ್ಭಧಾರಣೆಗೆ ಮೊದಲೇ ಅದನ್ನು ಬದಲಾಯಿಸಿಕೊಳ್ಳಬೇಕು. ಆದ್ದರಿಂದ ಈ ಕಾಯಿಲೆಯುಳ್ಳವರು ಮತ್ತು ಯಕೃತ್ತಿನ ಕಸಿ ಮಾಡಿಸಿಕೊಂಡವರು ಗರ್ಭಧಾರಣೆಗೆ ಮುಂಚಿತವಾಗಿ ತಜ್ಞರ ಸಲಹೆ ಪಡೆಯಬೇಕು. ಕಸಿಯ ನಂತರ ಕನಿಷ್ಠ ಒಂದು ವರ್ಷ ಗರ್ಭಧಾರಣೆಯನ್ನು ಮುಂದೂಡುವಂತೆ ಸಲಹೆ ನೀಡಲಾಗುತ್ತದೆ.

6. ಗರ್ಭಾವಸ್ಥೆಯಿಂದಲೇ ಉಂಟಾಗುವ ಯಕೃತ್ತಿನ ಕಾಯಿಲೆಗಳು

(ಅ) ಪಿತ್ತಸ್ತಂಭನ: ಸಾಮಾನ್ಯವಾಗಿ ಕೊನೆಯ ಮೂರು ತಿಂಗಳಲ್ಲಿ ಅಂಗೈ ಮತ್ತು ಅಂಗಾಲುಗಳಲ್ಲಿ, ವಿಶೇಷವಾಗಿ ರಾತ್ರಿಯ ವೇಳೆ, ತೀವ್ರ ತುರಿಕೆ ಉಂಟಾಗುತ್ತದೆ. ಗುಳ್ಳೆಗಳು ಇರುವುದಿಲ್ಲ. ರಕ್ತದಲ್ಲಿ ಪಿತ್ತಾಮ್ಲಗಳ ಪ್ರಮಾಣ ಹೆಚ್ಚಿರುವುದು ಪರೀಕ್ಷೆಯಿಂದ ತಿಳಿಯುತ್ತದೆ. ಈ ಪ್ರಮಾಣವು ಒಂದು ಲೀಟರಿಗೆ 100 ಮೈಕ್ರೊಮೋಲ್ ತಲುಪಿದಲ್ಲಿ ಗರ್ಭದಲ್ಲಿಯೇ ಶಿಶು ಮರಣ ಹೊಂದುವ ಅಪಾಯ ಹೆಚ್ಚುವುದರಿಂದ ಹೆರಿಗೆಯನ್ನು ಮುಂಚಿತವಾಗಿ ಮಾಡಿಸಬೇಕಾಗಬಹುದು. ಆದ್ದರಿಂದ ಇಂತಹ ತುರಿಕೆಗೆ ಎಣ್ಣೆ ಹಚ್ಚಿ ಸುಮ್ಮನಿರಬಾರದು.

(ಆ) ಹೆಲ್ಪ್ ಲಕ್ಷಣಕೂಟ: ಅಧಿಕ ರಕ್ತದೊತ್ತಡವುಳ್ಳ ಗರ್ಭಿಣಿಯರಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಕೆಂಪು ರಕ್ತಕಣಗಳು ಒಡೆಯುತ್ತವೆ, ಯಕೃತ್ತಿನ ಕಿಣ್ವಗಳು ಏರುತ್ತವೆ, ಪ್ಲೇಟ್‌ಲೆಟ್‌ಗಳು ಕುಸಿಯುತ್ತವೆ. ಎದೆಯ ಗುಂಡಿಗೆಯ ಕೆಳಭಾಗದ ನೋವನ್ನು ಅನೇಕರು ಗ್ಯಾಸ್ಟ್ರಿಕ್ ಎಂದು ತಪ್ಪಾಗಿ ಭಾವಿಸುತ್ತಾರೆ. ತಲೆನೋವು, ಕಣ್ಣು ಮಂಜಾಗುವಿಕೆ, ಮುಖ ಮತ್ತು ಕೈಗಳ ಊತ ಜೊತೆಗಿರಬಹುದು. ಹೆರಿಗೆಯ ನಂತರದ ದಿನಗಳಲ್ಲಿಯೂ ಇದು ಕಾಣಿಸಿಕೊಳ್ಳಬಹುದು.

(ಇ) ತೀವ್ರ ಕೊಬ್ಬು ಯಕೃತ್ತು: ಅಪರೂಪದ, ಆದರೆ ಅತ್ಯಂತ ಗಂಭೀರ ಸ್ಥಿತಿ. ಕೊನೆಯ ಮೂರು ತಿಂಗಳಲ್ಲಿ ಯಕೃತ್ತಿನ ಜೀವಕೋಶಗಳಲ್ಲಿ ಕೊಬ್ಬು ತುಂಬಿ ಕೆಲಸ ಸ್ಥಗಿತಗೊಳ್ಳುತ್ತದೆ. ಮತ್ತೆ ಆರಂಭವಾದ ವಾಂತಿ, ಅತಿ ಬಾಯಾರಿಕೆ, ರಕ್ತದ ಸಕ್ಕರೆಯ ಇಳಿಕೆ ಮತ್ತು ಕಾಮಾಲೆ ಇದರ ಲಕ್ಷಣಗಳು.

ಕೊನೆಯ ಎರಡು ಸ್ಥಿತಿಗಳಲ್ಲಿ ಶೀಘ್ರ ಹೆರಿಗೆಯೇ ಮುಖ್ಯ ಚಿಕಿತ್ಸೆ. ರಕ್ತನಿಧಿ ಮತ್ತು ತೀವ್ರ ನಿಗಾ ಘಟಕವುಳ್ಳ ಆಸ್ಪತ್ರೆಗೆ ವಿಳಂಬವಿಲ್ಲದೆ ತಲುಪುವುದು ಅತ್ಯವಶ್ಯಕ.

7. ಅಪಾಯದ ಚಿಹ್ನೆಗಳು

ಈ ಕೆಳಗಿನ ಯಾವುದೇ ಒಂದು ಚಿಹ್ನೆ ಕಂಡುಬಂದಲ್ಲಿ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ತೆರಳಬೇಕು.

- ಕಣ್ಣಿನ ಬಿಳಿಭಾಗ ಅಥವಾ ಮೂತ್ರ ಹಳದಿಯಾಗುವುದು
- ನಿಲ್ಲದ ವಾಂತಿ, ಆಹಾರ ಅಥವಾ ನೀರು ಹೊಟ್ಟೆಯಲ್ಲಿ ನಿಲ್ಲದಿರುವುದು
- ಬಲಪಕ್ಕೆ ಅಥವಾ ಎದೆಯ ಗುಂಡಿಗೆಯ ಕೆಳಗೆ ತೀವ್ರ ನೋವು
- ಮಾತು ತೊದಲುವುದು, ಅತಿಯಾದ ನಿದ್ರೆ, ಗೊಂದಲ ಅಥವಾ ವರ್ತನೆಯಲ್ಲಿ ಬದಲಾವಣೆ
- ಒಸಡು, ಮೂಗು ಅಥವಾ ಯೋನಿಯಿಂದ ರಕ್ತಸ್ರಾವ
- ತೀವ್ರ ತಲೆನೋವು, ದೃಷ್ಟಿ ಮಂಜಾಗುವುದು, ಫಿಟ್ಸ್
- ಶಿಶುವಿನ ಚಲನೆ ಕಡಿಮೆಯಾಗುವುದು

8. ಮನೆಮದ್ದು ಮತ್ತು ಪಥ್ಯದ ಕುರಿತು

ಕಾಮಾಲೆ ಬಂದವರಿಗೆ ಬರೆ ಹಾಕಿಸುವುದು, ಕಣ್ಣಿಗೆ ಅಥವಾ ಮೂಗಿಗೆ ಸೊಪ್ಪಿನ ರಸ ಬಿಡಿಸುವುದು ನಾಡಿನ ಹಲವೆಡೆ ರೂಢಿಯಲ್ಲಿದೆ. ಬರೆಯಿಂದ ಗಾಯವಾಗಿ ನಂಜೇರಬಹುದೇ ಹೊರತು ಯಕೃತ್ತಿಗೆ ಯಾವುದೇ ಪ್ರಯೋಜನವಿಲ್ಲ. ಹೆಪಟೈಟಿಸ್-ಎ ಮತ್ತು ಇ ಸೋಂಕುಗಳು ಬಹುತೇಕ ಜನರಲ್ಲಿ ತಾವಾಗಿಯೇ ಗುಣವಾಗುವುದರಿಂದ, ಔಷಧಿ ಕೊಟ್ಟವರಿಗೆ ಅದರ ಕೀರ್ತಿ ಸಲ್ಲುತ್ತದೆ. ಗರ್ಭಿಣಿಯರಲ್ಲಿ ಮಾತ್ರ ಈ ರೀತಿ ಕಳೆದುಹೋಗುವ ಎರಡು ಮೂರು ದಿನಗಳೇ ಪ್ರಾಣಕ್ಕೆ ಎರವಾಗಬಹುದು.

ಎಣ್ಣೆ, ಉಪ್ಪು, ಬೇಳೆ, ಹಾಲು ಎಲ್ಲವನ್ನೂ ಬಿಡಿಸಿ ಗಂಜಿಯಲ್ಲಿಯೇ ಇರಿಸುವ ಕಠಿಣ ಪಥ್ಯವು ಗರ್ಭಿಣಿಗೆ ಸಲ್ಲದು. ವೈದ್ಯರು ಬೇರೆ ಸೂಚನೆ ನೀಡದ ಹೊರತು ಅನ್ನ, ಮುದ್ದೆ, ರೊಟ್ಟಿ, ಬೇಳೆ, ಹಣ್ಣುಗಳನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಸೇವಿಸಬೇಕು. ಮದ್ಯಪಾನವನ್ನು ಸಂಪೂರ್ಣವಾಗಿ ವರ್ಜಿಸಬೇಕು. ನೋವಿನ ಮಾತ್ರೆ, ಜ್ವರದ ಮಾತ್ರೆ ಹಾಗೂ ನಾಟಿ ಔಷಧಿಗಳನ್ನು ವೈದ್ಯರನ್ನು ಕೇಳದೆ ಸೇವಿಸಬಾರದು.

9. ಸೇವೆಗಳನ್ನು ಪಡೆಯುವ ವಿಧಾನ

ನೋಂದಣಿ: ಗರ್ಭಧಾರಣೆಯ 12 ವಾರಗಳೊಳಗೆ ಸಮೀಪದ ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಬೇಕು. ಆಶಾ ಕಾರ್ಯಕರ್ತೆಯರು ಇದಕ್ಕೆ ನೆರವಾಗುತ್ತಾರೆ.

ತಪಾಸಣೆ: 2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖು ಗರ್ಭಿಣಿಯರಿಗೆ ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ವೈದ್ಯರಿಂದ ಉಚಿತ ತಪಾಸಣೆ ನಡೆಸಲಾಗುತ್ತದೆ.

ಹೆಪಟೈಟಿಸ್ ಚಿಕಿತ್ಸೆ: 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ, ಗುರುತಿಸಲಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಪಟೈಟಿಸ್-ಬಿ ಮತ್ತು ಸಿ ಪರೀಕ್ಷೆ ಹಾಗೂ ಔಷಧಗಳು ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಹೆರಿಗೆ: 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆ, ರಕ್ತ ಮತ್ತು ವಾಹನ ಸೌಲಭ್ಯ ಉಚಿತ.

ತುರ್ತು ವಾಹನ: 108 ಸಂಖ್ಯೆಗೆ ಕರೆ ಮಾಡಬೇಕು. ಆರೋಗ್ಯ ಸಲಹೆಗೆ 104 ಸಂಖ್ಯೆಯನ್ನು ಸಂಪರ್ಕಿಸಬಹುದು. ತುರ್ತು ಸ್ಥಿತಿಯಲ್ಲಿ ದಾಖಲೆ ಪತ್ರಗಳನ್ನು ಹುಡುಕುತ್ತಾ ಕಾಲಹರಣ ಮಾಡಬಾರದು.

ವಿಶೇಷ ಸೂಚನೆ: ಹೆರಿಗೆಗೆ ತವರುಮನೆಗೆ ತೆರಳುವವರು ತಾಯಿ ಕಾರ್ಡ್ ಮತ್ತು ರಕ್ತ ಪರೀಕ್ಷೆಯ ವರದಿಗಳನ್ನು ತಪ್ಪದೆ ಜೊತೆಗೊಯ್ದು, ಅಲ್ಲಿನ ಆಶಾ ಕಾರ್ಯಕರ್ತೆಗೆ ತೋರಿಸಬೇಕು. ತಾಯಿಗೆ ಹೆಪಟೈಟಿಸ್-ಬಿ ಇರುವ ವಿಷಯ ಹೆರಿಗೆ ಮಾಡಿಸುವ ಆಸ್ಪತ್ರೆಗೆ ತಿಳಿಯದಿದ್ದಲ್ಲಿ ಶಿಶುವಿಗೆ 12 ಗಂಟೆಗಳೊಳಗೆ ದೊರೆಯಬೇಕಾದ ಚುಚ್ಚುಮದ್ದು ತಪ್ಪಿಹೋಗುತ್ತದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೆಪಟೈಟಿಸ್-ಬಿ ಇರುವ ತಾಯಿ ಎದೆಹಾಲು ಕೊಡಬಹುದೇ?
ಉತ್ತರ: ಕೊಡಬಹುದು. ಶಿಶುವಿಗೆ ಜನನ ಡೋಸ್ ಕೊಡಿಸಬೇಕು. ಮೊಲೆತೊಟ್ಟು ಬಿರುಕುಬಿಟ್ಟು ರಕ್ತ ಬರುತ್ತಿದ್ದಲ್ಲಿ ವೈದ್ಯರ ಸಲಹೆ ಪಡೆಯಬೇಕು.

ಪ್ರಶ್ನೆ: ಸೋಂಕಿರುವವರಿಗೆ ಸಿಸೇರಿಯನ್ ಕಡ್ಡಾಯವೇ?
ಉತ್ತರ: ಇಲ್ಲ. ಹೆಪಟೈಟಿಸ್-ಬಿ ಒಂದೇ ಕಾರಣಕ್ಕಾಗಿ ಸಿಸೇರಿಯನ್ ಮಾಡುವ ಅಗತ್ಯವಿಲ್ಲ.

ಪ್ರಶ್ನೆ: ಗರ್ಭಿಣಿಯರು ಹೆಪಟೈಟಿಸ್-ಬಿ ಲಸಿಕೆ ಪಡೆಯಬಹುದೇ?
ಉತ್ತರ: ಪಡೆಯಬಹುದು. ಈ ಲಸಿಕೆಯಲ್ಲಿ ಜೀವಂತ ವೈರಾಣು ಇರುವುದಿಲ್ಲ. ಗಂಡನಿಗೆ ಸೋಂಕಿದ್ದು ಗರ್ಭಿಣಿಗೆ ಇಲ್ಲದಿದ್ದಲ್ಲಿ ಲಸಿಕೆ ವಿಶೇಷವಾಗಿ ಅಗತ್ಯ.

ಪ್ರಶ್ನೆ: ಸೋಂಕು ಕಂಡುಬಂದರೆ ಅದು ಗರ್ಭಿಣಿಯ ನಡತೆಯ ದೋಷವೇ?
ಉತ್ತರ: ಅಲ್ಲ. ಸೋಂಕು ಅವರಿಗೆ ಹುಟ್ಟಿನಲ್ಲಿಯೇ ತಾಯಿಯಿಂದ ಬಂದಿರಬಹುದು. ದೂಷಿಸುವುದರಿಂದ ವಿಷಯ ಮುಚ್ಚಿಡುವಂತಾಗಿ ಶಿಶುವಿಗೆ ಹಾನಿಯಾಗುತ್ತದೆ. ಗಂಡ ಹಾಗೂ ಕುಟುಂಬದವರೂ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದವರು ಲಸಿಕೆ ಪಡೆಯಬೇಕು.

ಗಮನಿಸಿ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯನ್ನು ವೈದ್ಯರು ಪರೀಕ್ಷಿಸಿಯೇ ನಿರ್ಧರಿಸತಕ್ಕದ್ದು.